ದಿನವೂ ಸತ್ಯವೇದ (ಬೈಬಲ್) ಓದುವ ರೂಢಿ: ಯಾಜಕಕಾಂಡಕ್ಕೆ ಬಂದು ನಿಂತುಹೋಗುವ ಓದನ್ನು ಮುಂದುವರಿಸುವುದು ಹೇಗೆ?

(ಇದೊಂದು ಚರ್ಚೆ. ಪ್ರತಿ ಭಾಗದ ಮೇಲಿರುವುದು ಅದನ್ನು ಬರೆದವರು ಇಟ್ಟುಕೊಂಡ ಹೆಸರು.)

ಹೊಸ ಓದುಗ

ಕ್ರೈಸ್ತ ಸಭೆಗಳಲ್ಲಿ ವರ್ಷದ ಆರಂಭಕ್ಕೆ ಹಂಚುವ ಓದಿನ ಪಟ್ಟಿಗಳು ಬಹುಪಾಲು ಒಂದೇ ಥರ. ಜನವರಿ 1ಕ್ಕೆ ಆದಿಕಾಂಡ 1, ಡಿಸೆಂಬರ್ 31ಕ್ಕೆ ಪ್ರಕಟನೆ 22. ಫೆಬ್ರವರಿ ಬರುವ ಹೊತ್ತಿಗೆ ಆ ಪಟ್ಟಿ ಸತ್ಯವೇದದ ಒಳಗೇ ಮಡಚಿ ಕೂತಿರುತ್ತದೆ. ಎಲ್ಲಿಂದ ಶುರುಮಾಡಿದರೆ ಓದು ನಿಲ್ಲದೆ ಸಾಗುತ್ತದೆ, ದಿನಕ್ಕೆ ಎಷ್ಟು ಅಧ್ಯಾಯ ಸರಿ, ತಪ್ಪಿದ ದಿನಗಳನ್ನು ಏನು ಮಾಡಬೇಕು, ಕನ್ನಡದಲ್ಲಿ ಯಾವ ಅನುವಾದ ಹಿಡಿಯಬೇಕು? "ಪ್ರಾರ್ಥನೆ ಮಾಡಿ ಓದಿ, ಎಲ್ಲ ಸರಿಹೋಗುತ್ತದೆ" ಎನ್ನುವ ಮಾತನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅದರ ಜೊತೆಗೆ ಕೈಗೆ ಸಿಗುವ ದಾರಿ ಬೇಕಾಗಿದೆ.

ಲೆಕ್ಕದ ಓದು

ಓದು ನಿಲ್ಲುವುದಕ್ಕೆ ಭಕ್ತಿಯ ಕೊರತೆಯೇ ಕಾರಣ ಎಂದುಕೊಂಡು ಜನ ಸುಮ್ಮನೆ ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಮೊದಲು ಲೆಕ್ಕ ನೋಡಿ. 66 ಗ್ರಂಥಗಳಲ್ಲಿ 1,189 ಅಧ್ಯಾಯಗಳಿವೆ. ಹಳೆಯ ಒಡಂಬಡಿಕೆಯಲ್ಲಿ 929, ಹೊಸದರಲ್ಲಿ 260. ದಿನಕ್ಕೆ 3ರಂತೆ ಮೊದಲಿನಿಂದ ಹೊರಟರೆ ಜನವರಿ 25ಕ್ಕೆ ಸರಿಯಾಗಿ ವಿಮೋಚನಕಾಂಡ 25ಕ್ಕೆ ಬರುತ್ತೀರಿ. ಅಲ್ಲಿಯವರೆಗೆ ಅಬ್ರಹಾಮ, ಯಾಕೋಬ, ಯೋಸೇಫ, ಕೆಂಪುಸಮುದ್ರ, ಸೀನಾಯಿ ಬೆಟ್ಟ ಎಂದು ಕಥೆ ಓಡುತ್ತಿರುತ್ತದೆ. 25ರಿಂದ 31ನೇ ಅಧ್ಯಾಯದವರೆಗೆ ದೇವದರ್ಶನದ ಗುಡಾರದ ಅಳತೆ, ಹಲಗೆ, ಕೊಂಡಿ, ಪರದೆಗಳ ವಿವರ. ನಡುವೆ 32ರಿಂದ 34ರಲ್ಲಿ ಚಿನ್ನದ ಬಸವನ ಪ್ರಸಂಗ ಬಂದು ಹೋಗುತ್ತದೆ. ಆಮೇಲೆ 35ರಿಂದ 40ರಲ್ಲಿ ಅದೇ ಅಳತೆಗಳು ಮತ್ತೆ ಬರುತ್ತವೆ, ಈ ಸಲ ಕೆಲಸ ಆಗುತ್ತಿರುವ ವರದಿಯಾಗಿ. ಜನವರಿ 31ಕ್ಕೆ ಯಾಜಕಕಾಂಡ 1, ಯಜ್ಞಗಳ ನಿಯಮ. ಹೊಸ ವರ್ಷದ ಹುರುಪು ಇಳಿಯುವ ವಾರವೂ ಕಥೆ ನಿಲ್ಲುವ ವಾರವೂ ಒಂದೇ. ಇನ್ನೊಂದು ಇಂಥದೇ ಜಾಗ 1 ಪೂರ್ವಕಾಲವೃತ್ತಾಂತ 1ರಿಂದ 9. ಒಂಬತ್ತು ಅಧ್ಯಾಯ ಬರೀ ವಂಶಾವಳಿ, ಇದೇ ಲೆಕ್ಕದಲ್ಲಿ ಏಪ್ರಿಲ್ 23ಕ್ಕೆ ಎದುರಾಗುತ್ತದೆ. ರಜೆ, ಮದುವೆ, ಊರಿಗೆ ಓಡಾಟ ಎಲ್ಲವೂ ಇರುವ ಕಾಲ.

ಇನ್ನೊಂದು ತೊಡಕು: 3 ಅಧ್ಯಾಯ ಓದಿದರೂ ವರ್ಷಕ್ಕೆ 1,095 ಮಾತ್ರ ಆಗುತ್ತದೆ, 94 ಉಳಿಯುತ್ತವೆ. ಅದಕ್ಕೇ ಹಳೆಯ ಪಟ್ಟಿಗಳು "ವಾರದ ದಿನ 3, ಭಾನುವಾರ 5" ಎನ್ನುತ್ತವೆ. 23ನ್ನು 52ರಿಂದ ಗುಣಿಸಿದರೆ 1,196, ಲೆಕ್ಕ ಕೂಡುತ್ತದೆ. ಬಾಳಿಕೆಯಲ್ಲಿ ಮಾತ್ರ ಕೂಡುವುದಿಲ್ಲ. ಆರಾಧನೆ, ಭಾನುವಾರದ ಶಾಲೆ, ಊಟಕ್ಕೆ ನೆಂಟರು ಎಂದು ಭಾನುವಾರವೇ ಅತ್ಯಂತ ಬಿಡುವಿಲ್ಲದ ದಿನ. ಅದರ ಮೇಲೆ ಹೆಚ್ಚಿನ ಹೊರೆ ಹೊರಿಸುವ ಪಟ್ಟಿ ಮುರಿಯುವುದಕ್ಕೇ ಹುಟ್ಟಿದ್ದು. ದಿನಕ್ಕೆ 4ರಂತೆ ಓದಿದರೆ 298 ದಿನ ಸಾಕು. 52 ಭಾನುವಾರ ಬಿಟ್ಟರೂ ಇನ್ನೂ 15 ದಿನ ಜ್ವರಕ್ಕೆ, ಪ್ರಯಾಣಕ್ಕೆ ಉಳಿಯುತ್ತವೆ. ಅಷ್ಟು ಆಗದಿದ್ದರೆ ಹೊಸ ಒಡಂಬಡಿಕೆ ಒಂದೇ ಸಾಕು: ಸೋಮವಾರದಿಂದ ಶುಕ್ರವಾರ ದಿನಕ್ಕೊಂದು ಅಧ್ಯಾಯ, 52 ವಾರಕ್ಕೆ ಸರಿಯಾಗಿ 260. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಮೊದಲು ಮಾರ್ಕ

ಮೇಲಿನ ಲೆಕ್ಕ ಸರಿಯೇ. ಆದರೆ ರೂಢಿ ಇಲ್ಲದವರಿಗೆ ಮೊದಲ ದಿನವೇ ಇಡೀ ವರ್ಷದ ಪಟ್ಟಿ ಕೊಡಬಾರದು. ಶುರುವಿಗೆ ದಿನಕ್ಕೆ ಒಂದೇ ಅಧ್ಯಾಯ. ಮೊದಲು ಮಾರ್ಕನ ಸುವಾರ್ತೆ, 16 ಅಧ್ಯಾಯ. ಅದಾದ ಮೇಲೆ ಆದಿಕಾಂಡ, 50. ಕೂಡಿದರೆ 66 ದಿನ.

ಮಾರ್ಕನೇ ಯಾಕೆ? ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, ವಂಶಾವಳಿಯಿಂದ ಶುರುವಾಗುವುದಿಲ್ಲ, ದೀರ್ಘ ಉಪದೇಶಕ್ಕಿಂತ ನಡೆದ ಸಂಗತಿಗಳೇ ಹೆಚ್ಚು. ಮತ್ತಾಯನಿಂದ ಹೊರಟರೆ ಮೊದಲ 17 ವಚನ ಹೆಸರುಗಳೇ. ಆ ಹೆಸರುಗಳ ರುಚಿ ಹಳೆಯ ಒಡಂಬಡಿಕೆ ಓದಿದವರಿಗೆ ಮಾತ್ರ ಗೊತ್ತು. ರೂತಳು, ಊರೀಯನ ಹೆಂಡತಿ ಯಾರೆಂದು ತಿಳಿದ ಮೇಲೆ ಅದೇ ಪಟ್ಟಿ ಓದಿದರೆ ಮೈ ಜುಮ್ಮೆನ್ನುತ್ತದೆ.

ಒಂದು ಎಚ್ಚರಿಕೆ: "ಒಂದು ಅಧ್ಯಾಯ" ಎಂಬುದು ಸಮನಾದ ಅಳತೆಯಲ್ಲ. ಮಾರ್ಕ 16ರಲ್ಲಿ 20 ವಚನ, ಮಾರ್ಕ 14ರಲ್ಲಿ 72. ಲೂಕ 1ರಲ್ಲಿ 80, ಅರಣ್ಯಕಾಂಡ 7ರಲ್ಲಿ 89, ಕೀರ್ತನೆ 119ರಲ್ಲಿ 176. ಹತ್ತು ನಿಮಿಷ ಎಂದುಕೊಂಡು ಕೂತವರಿಗೆ ಮಾರ್ಕ 14 ಬಂದಾಗ ಮನಸ್ಸು ಗಡಿಯಾರಕ್ಕೆ ಹೋಗುತ್ತದೆ. 50 ವಚನ ದಾಟಿದ ಅಧ್ಯಾಯವನ್ನು ಎರಡು ದಿನಕ್ಕೆ ಒಡೆಯಿರಿ. ಮಾರ್ಕ 14ನ್ನು 31ನೇ ವಚನಕ್ಕೆ ನಿಲ್ಲಿಸಿದರೆ ಮೊದಲ ದಿನ ಪಸ್ಕದ ಊಟ, ಎರಡನೇ ದಿನ ಗೆತ್ಸೆಮನೆ. ಸಹಜವಾದ ಜಾಗ.

ಅಧ್ಯಾಯದ ಗಡಿಯನ್ನೂ ಪವಿತ್ರವೆಂದು ತಿಳಿಯಬೇಡಿ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಮಾಡಿದ್ದು. ಹೊಸ ಒಡಂಬಡಿಕೆಗೆ ಇಂದಿನ ವಚನ ಸಂಖ್ಯೆಗಳನ್ನು ರಾಬೆರ್ ಎಸ್ತಿಯೆನ್ ಎಂಬ ಮುದ್ರಕ 1551ರಲ್ಲಿ ಹಾಕಿದ. ಅಪೊಸ್ತಲರ ಕೃತ್ಯಗಳು 21 ಮುಗಿಯುವುದು ಪೌಲನು ಮಾತಿಗೆ ಬಾಯಿ ತೆರೆಯುವಲ್ಲಿ, ಮಾತು ಶುರುವಾಗುವುದು 22ರಲ್ಲಿ. 1 ಕೊರಿಂಥ 11:1 ಸೇರಬೇಕಾದದ್ದು 10ನೇ ಅಧ್ಯಾಯಕ್ಕೆ. ಯೆಶಾಯ 53 ಓದುವವರು 52:13ರಿಂದ ಹಿಡಿಯಬೇಕು, ಸೇವಕನ ಪದ್ಯ ಶುರುವಾಗುವುದೇ ಅಲ್ಲಿ. ಅರ್ಥ ಮುಗಿದ ಕಡೆ ನಿಲ್ಲಿಸಿ, ಅಂಕೆ ಮುಗಿದ ಕಡೆ ಅಲ್ಲ.

ಮೌನದ ಮೂಲೆ

66 ದಿನದ ಲೆಕ್ಕ ಬಂದದ್ದರಿಂದ, ಅಷ್ಟು ದಿನಕ್ಕೆ ರೂಢಿ ಬೀಳುತ್ತದೆ ಎನ್ನುವ ಮಾತಿಗೆ ಒಂದು ತಿದ್ದುಪಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 96 ಜನ ಒಂದೊಂದು ಚಿಕ್ಕ ಕೆಲಸವನ್ನು ದಿನವೂ ಮಾಡುತ್ತ ಹೋದರು. ಅದು ತಾನಾಗಿ ನಡೆಯುವಷ್ಟು ರೂಢಿಯಾಗಲು ಹಿಡಿದದ್ದು ನಡುವಿನ ಲೆಕ್ಕದಲ್ಲಿ 66 ದಿನ, ಆದರೆ ಹರವು 18ರಿಂದ 254ರವರೆಗೆ. ಹಾಗಾಗಿ 67ನೇ ದಿನ ಬೆಳಿಗ್ಗೆ ಸತ್ಯವೇದ ತಾನೇ ಕೈಗೆ ಬರುತ್ತದೆ ಎಂದು ಯಾರೂ ಕಾಯಬಾರದು. ಅದೇ ಅಧ್ಯಯನದ ಇನ್ನೊಂದು ಅಂಶ ನಮಗೆ ಹೆಚ್ಚು ಮುಖ್ಯ: ನಡುವೆ ಒಂದು ದಿನ ತಪ್ಪಿದ್ದು ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ.

ಓದನ್ನು ಮುರಿಯುವುದು ತಪ್ಪಿದ ದಿನವಲ್ಲ, ತಪ್ಪಿದ ದಿನದ ಸಾಲ. ಮೂರು ದಿನ ಬಿಟ್ಟರೆ ಪಟ್ಟಿಯ ಪ್ರಕಾರ 9 ಅಧ್ಯಾಯ ಬಾಕಿ, ಈ ದಿನದ್ದು ಸೇರಿ 12. ರಾತ್ರಿ ಹತ್ತಕ್ಕೆ ಕೂತು 12 ಅಧ್ಯಾಯ ಕಣ್ಣಾಡಿಸಿದರೆ ಟಿಕ್ ಬೀಳುತ್ತದೆ, ಒಂದು ವಾಕ್ಯವೂ ಒಳಗಿಳಿಯುವುದಿಲ್ಲ. ವಾರ ಬಿಟ್ಟವರಂತೂ ಪಟ್ಟಿಯ ಮುಖ ನೋಡಲೂ ನಾಚುತ್ತಾರೆ. ಪಟ್ಟಿಯಿಂದ ದಿನಾಂಕ ಕಿತ್ತುಹಾಕಿ. ಗಟ್ಟಿ ಕಾಗದದ ಪಟ್ಟಿಯೊಂದನ್ನು ಮೂರು ಬೆರಳಗಲ ಕತ್ತರಿಸಿ, ಅದರ ಮೇಲೆ 1ರಿಂದ 16 ಅಂಕೆ ಬರೆಯಿರಿ. ಅದೇ ಪುಟಗುರುತು. ಓದಿದ ಅಂಕೆಗೆ ಗೀಟು ಹಾಕಿ. ಬಿಟ್ಟ ದಿನದ ಮರುದಿನ ಮುಂದಿನ ಅಂಕೆಯಿಂದ ಓದಿ, ಅಷ್ಟೆ. ಮಾರ್ಕ ಮುಗಿಯಲು 16ರ ಬದಲು 23 ದಿನ ಹಿಡಿದರೆ ಯಾವ ನಷ್ಟವೂ ಇಲ್ಲ. ಮೊಬೈಲ್ ಆ್ಯಪ್‌ನಲ್ಲಿ ಯೋಜನೆ ಹಾಕಿಕೊಂಡವರು ಬಾಕಿ ದಿನಗಳನ್ನು ಮುಂದಕ್ಕೆ ಸರಿಸುವ ಆಯ್ಕೆ ಹುಡುಕಿ ಒತ್ತಿ. ಕೆಂಪು ಅಂಕೆ ನೋಡುತ್ತ ಕೂರಬೇಡಿ.

ಎರಡು ದಿನ ಸತತವಾಗಿ ತಪ್ಪದಂತೆ ಮಾತ್ರ ಕಾಯ್ದುಕೊಳ್ಳಿ. ಅದಕ್ಕೊಂದು ಆಪತ್ಕಾಲದ ಪಟ್ಟಿ ಮೊದಲೇ ಇರಬೇಕು, ಯಾಕೆಂದರೆ ದಣಿದ ಹೊತ್ತಿನಲ್ಲಿ ಏನು ಓದಲಿ ಎಂದು ಹುಡುಕುವ ಶಕ್ತಿ ಇರುವುದಿಲ್ಲ. ಕೀರ್ತನೆ 120ರಿಂದ 134ರವರೆಗಿನ ಹದಿನೈದು ಯಾತ್ರಾಗೀತೆಗಳು ಇದಕ್ಕೆ ಹೇಳಿ ಮಾಡಿಸಿದವು. 132ನ್ನು ಬಿಟ್ಟರೆ ಎಲ್ಲವೂ 9 ವಚನದೊಳಗೆ. 131, 133, 134 ಮೂರು ಮೂರೇ ವಚನ. ಆಸ್ಪತ್ರೆಯ ಬೆಂಚಿನ ಮೇಲೂ ಓದಬಹುದು.

ಹೊಸ ಓದುಗ

ಸಾಲದ ಮಾತು ನೇರವಾಗಿ ತಾಕಿತು. ಹೊತ್ತು ಮತ್ತು ಜಾಗದ ಬಗ್ಗೆ ಹೇಳುತ್ತೀರಾ? ಬೆಳಿಗ್ಗೆ ಬೇಗ ಎದ್ದು ಓದುವುದೇ ಸರಿಯೆಂದು ಎಲ್ಲರೂ ಹೇಳುತ್ತಾರೆ.

ಮೊದಲು ಮಾರ್ಕ

"ಬೆಳಿಗ್ಗೆ 5ಕ್ಕೆ" ಎನ್ನುವ ನಿರ್ಧಾರ ಅಲಾರಂನ ಮೇಲೆ ನಿಂತಿದೆ. "ಹಲ್ಲುಜ್ಜಿದ ಮೇಲೆ, ಮೊಬೈಲ್ ಮುಟ್ಟುವ ಮೊದಲು" ಎನ್ನುವುದು ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದರ ಮೇಲೆ. ಎರಡನೆಯದು ಗಟ್ಟಿ. ಮಲಗುವುದು ಎಷ್ಟೇ ತಡವಾದರೂ ಹಲ್ಲುಜ್ಜುವುದು ತಪ್ಪುವುದಿಲ್ಲ. ಕೊಕ್ಕೆಯಾಗಿ ಹಿಡಿಯುವ ಕೆಲಸ ದಿನಕ್ಕೆ ಒಮ್ಮೆ ಮಾತ್ರ, ಒಂದೇ ಜಾಗದಲ್ಲಿ ನಡೆಯುವಂಥದ್ದಾಗಿರಲಿ. ಹಾಲು ಒಲೆಯ ಮೇಲಿಟ್ಟು ಓದಲು ಕೂರಬೇಡಿ. ಅರ್ಧ ಗಮನ ಹಾಲಿನ ಮೇಲಿರುತ್ತದೆ, ಅಧ್ಯಾಯ ಮುಗಿಯುವ ಮೊದಲೇ ಉಕ್ಕುತ್ತದೆ. ಕಾಫಿ ಲೋಟ ಕೈಗೆ ಬಂದ ಮೇಲಿನ ಹೊತ್ತು ಒಳ್ಳೆಯದು. ಮಕ್ಕಳನ್ನು ಶಾಲೆಗೆ ಕಳಿಸುವ ಮನೆಯಲ್ಲಿ ಬೆಳಿಗ್ಗೆ ಆಗದು ಎಂದರೆ ಶಾಲೆಯ ವ್ಯಾನ್ ಹೊರಟ ಮರುಕ್ಷಣವೇ ಕೊಕ್ಕೆ.

ಪುಸ್ತಕ ಎಲ್ಲಿದೆ ಎಂಬುದು ಹೊತ್ತಿಗಿಂತ ಮುಖ್ಯ. ನಮ್ಮ ಮನೆಗಳಲ್ಲಿ ಸತ್ಯವೇದ ಜಿಪ್ ಹಾಕಿದ ಕವರಿನಲ್ಲಿ, ಕನ್ನಡಕ, ಕಾಣಿಕೆ ಲಕೋಟೆ, ಗೀತೆಯ ಪುಸ್ತಕದ ಜೊತೆ ಬೀರುವಿನ ಮೇಲಿರುತ್ತದೆ. ಭಾನುವಾರ ಒಳಗೆ ಹೋದದ್ದು ಮುಂದಿನ ಭಾನುವಾರವೇ ಹೊರಬರುವುದು. ಎರಡು ಪ್ರತಿ ಇಟ್ಟುಕೊಳ್ಳಿ. ಒಂದು ಸಭೆಗೆ, ಕವರಿನಲ್ಲಿ. ಇನ್ನೊಂದು ಓದುವ ಕುರ್ಚಿಯ ಪಕ್ಕ, ಕವರಿಲ್ಲದೆ, ಮುಂದಿನ ಅಧ್ಯಾಯಕ್ಕೆ ಪುಟಗುರುತು ಇಟ್ಟು. ಜೊತೆಗೊಂದು ಸೀಸದ ಕಡ್ಡಿ. ಸತ್ಯವೇದದ ಕಾಗದ ತೀರ ತೆಳುವು, ಚದರ ಮೀಟರಿಗೆ ಸುಮಾರು 30ರಿಂದ 40 ಗ್ರಾಂ. ನೋಟ್‌ಬುಕ್ಕಿನ ಹಾಳೆಯ ಅರ್ಧ. ಜೆಲ್ ಪೆನ್ನು, ಒದ್ದೆ ಹೈಲೈಟರ್ ಹಿಂಬದಿಗೆ ಇಳಿದು ಎರಡೂ ಪುಟ ಕೆಡಿಸುತ್ತವೆ. ಸೀಸದ ಕಡ್ಡಿ ಅಥವಾ ಮೇಣದಂಥ ಒಣ ಹೈಲೈಟರ್ ಬಳಸಿ.

ಧಾರವಾಡದ ಓದು

ಅನುವಾದದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಸಭೆಯಲ್ಲಿ ಕೇಳಿ ಅಭ್ಯಾಸವಾದದ್ದು ಬಹಳ ಮಂದಿಗೆ ಬೈಬಲ್ ಸೊಸೈಟಿಯ ಹಳೆಯ ಅನುವಾದ, ಜೆ.ವಿ. ಎನ್ನುವುದು. 19ನೇ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಹಿಡಿದ ಕೆಲಸದಿಂದ ಶುರುವಾದ ಪರಂಪರೆಯ ಭಾಷೆ ಅದು. ದೇವರ ಹೆಸರು ಅದರಲ್ಲಿ ಯೆಹೋವ. ಬಾಯಿಪಾಠಕ್ಕೆ ಅದಕ್ಕೆ ಸಾಟಿಯಿಲ್ಲ, ವಾಕ್ಯಗಳಿಗೆ ತೂಕವಿದೆ. ತೊಡಕಿರುವುದು ಸರಪಳಿ ವಾಕ್ಯಗಳಲ್ಲಿ: ಎದ್ದು, ಹೋಗಿ, ಕಂಡು, ಕರೆದು ಎಂದು ಸಾಗಿ ಕ್ರಿಯಾಪದ ಕೊನೆಗೆ ಬರುವ ಹೊತ್ತಿಗೆ ಕರ್ತೃ ಯಾರೆಂದು ಮರೆತಿರುತ್ತದೆ. ಸಾಮಾನ್ಯ ಭಾಷೆಯ ಅನುವಾದ, ಅಂದರೆ ಸಿ.ಎಲ್., ವಾಕ್ಯಗಳನ್ನು ಒಡೆದು ಹೇಳುತ್ತದೆ. ಅಲ್ಲಿ ಯೆಹೋವ ಎಂಬ ಜಾಗದಲ್ಲಿ ಸರ್ವೇಶ್ವರ ಬರುತ್ತದೆ, ಸುವಾರ್ತೆ ಎನ್ನುವ ಕಡೆ ಶುಭಸಂದೇಶ. ಇದು ಗೊತ್ತಿಲ್ಲದೆ ಹಿಡಿದವರು ಬೇರೆ ಗ್ರಂಥವೇ ಎಂದು ಗಾಬರಿಯಾಗುತ್ತಾರೆ. ಇನ್ನೂ ಸರಳವಾದದ್ದು ಈಸಿ ಟು ರೀಡ್ ಅನುವಾದ. ಮಕ್ಕಳಿಗೂ ಕನ್ನಡ ಓದು ಈಗಷ್ಟೇ ಹಿಡಿಯುತ್ತಿರುವವರಿಗೂ ಅದು ಸಲೀಸು. ಜೆ.ವಿ.ಯ ಜಾಡಿನಲ್ಲೇ ಭಾಷೆಯನ್ನು ಹಗುರ ಮಾಡಿದ್ದು ಐ.ಆರ್.ವಿ. ಪರಿಷ್ಕೃತ ಅನುವಾದ, ಮೊಬೈಲಿನಲ್ಲಿ ಮುಕ್ತವಾಗಿ ಸಿಗುತ್ತದೆ.

ದಿನದ ಓದಿಗೆ ಒಂದನ್ನೇ ಹಿಡಿದು ಕನಿಷ್ಠ ಒಂದು ಗ್ರಂಥ ಮುಗಿಯುವವರೆಗೆ ಬದಲಿಸಬೇಡಿ. ಅರ್ಥವಾಗದ ವಚನಕ್ಕೆ ಮಾತ್ರ ಎರಡನೆಯದನ್ನು ತೆರೆಯಿರಿ. ನಾಲ್ಕು ಅನುವಾದ ಪಕ್ಕಪಕ್ಕ ಇಟ್ಟು ದಿನವೂ ಹೋಲಿಸುವುದು ಅಧ್ಯಯನ. ಅದು ಒಳ್ಳೆಯದೇ, ಆದರೆ ಹತ್ತು ನಿಮಿಷದ ಓದನ್ನು ಅದು ನುಂಗಿಹಾಕುತ್ತದೆ.

ಸರಪಳಿ ವಾಕ್ಯಗಳಿಗೆ ಮದ್ದು ದನಿ ತೆಗೆದು ಓದುವುದು. ಪಿಸುದನಿ ಸಾಕು. ಪ್ರತಿ "-ಇ", "-ದು" ಹತ್ತಿರ ಅರೆಕ್ಷಣ ನಿಂತರೆ ಯಾರು ಏನು ಮಾಡಿದರೆಂಬುದು ಬಿಡಿಸಿಕೊಳ್ಳುತ್ತದೆ. ಪೌಲನ ಪತ್ರಗಳಿಗೆ ಇದು ಇನ್ನೂ ಬೇಕು. ಎಫೆಸ 1:3ರಿಂದ 14ರವರೆಗೆ ಗ್ರೀಕಿನಲ್ಲಿ ಒಂದೇ ವಾಕ್ಯ. ಯಾವ ಕನ್ನಡ ಅನುವಾದವೂ ಅದರ ಉಸಿರನ್ನು ಪೂರ್ತಿ ಮುಚ್ಚಿಡಲಾರದು. ದನಿ ತೆಗೆದು ಓದಿದರೆ ನಿದ್ದೆಯೂ ಹತ್ತಿರ ಸುಳಿಯುವುದಿಲ್ಲ.

ಮೌನದ ಮೂಲೆ

ದಿನಕ್ಕೆ 4 ಅಧ್ಯಾಯ ಎನ್ನುವ ಸಲಹೆಗೆ ನನ್ನ ವಿರೋಧವಿದೆ. ವರ್ಷದೊಳಗೆ ಮುಗಿಸುವುದೇ ಗುರಿಯಾದರೆ ಓದು ಗುತ್ತಿಗೆ ಕೆಲಸವಾಗುತ್ತದೆ. 12ನೇ ಶತಮಾನದಲ್ಲಿ ಎರಡನೇ ಗೀಗೊ ಎಂಬ ಕಾರ್ಥೂಸಿಯನ್ ಸನ್ಯಾಸಿ ನಾಲ್ಕು ಮೆಟ್ಟಿಲುಗಳ ಓದನ್ನು ಬರೆದಿಟ್ಟ: ಓದು, ಮನನ, ಪ್ರಾರ್ಥನೆ, ಮೌನದಲ್ಲಿ ನಿಲ್ಲುವುದು. ಅದಕ್ಕೆ 8ರಿಂದ 12 ವಚನ ಧಾರಾಳ. ಒಂದೇ ಭಾಗವನ್ನು ಮೂರು ಸಲ ಓದಿ. ಮೊದಲ ಸಲ ಏನು ನಡೆಯಿತು ಎಂದು, ಎರಡನೇ ಸಲ ಯಾವ ಮಾತು ಹಿಡಿದು ನಿಲ್ಲಿಸಿತು ಎಂದು, ಮೂರನೇ ಸಲ ಆ ಮಾತನ್ನೇ ಪ್ರಾರ್ಥನೆಯಾಗಿ ತಿರುಗಿಸಿ.

ಲೆಕ್ಕದ ಓದು

ನಿಧಾನದ ಓದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಅದೊಂದೇ ಆದರೆ ಜನ ತಮಗೆ ಹಿಡಿಸಿದ ಹತ್ತಿಪ್ಪತ್ತು ಭಾಗಗಳಲ್ಲೇ ಸುತ್ತುತ್ತಾರೆ. ಇಲ್ಲಿ ಹೊಸ ವರ್ಷಕ್ಕೆ ಒಂದು ವಚನ ಬರೆದ ವಾಗ್ದಾನದ ಕಾರ್ಡ್ ತೆಗೆಯುವ ಪದ್ಧತಿ ಇದೆ. ಅದರಲ್ಲಿ ಒಳ್ಳೆಯ ಭವಿಷ್ಯದ ಭರವಸೆ ಕೊಡುವ ಯೆರೆಮೀಯ 29:11 ಬಾರದ ವರ್ಷವೇ ಇಲ್ಲ. ಅದರ ಹಿಂದಿನ 10ನೇ ವಚನ ಎಷ್ಟು ಜನ ಓದಿರುತ್ತಾರೆ? ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ ಅದು. ಎಪ್ಪತ್ತು ವರ್ಷ ಅಲ್ಲೇ ಕಳೆಯಬೇಕು, ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಎಂದು ಹೇಳಿದ ಮೇಲೆ ಬರುವ ಭರವಸೆ. ಎಲ್ಲಕ್ಕೂ ಶಕ್ತನಾಗಿದ್ದೇನೆ ಎನ್ನುವ ಫಿಲಿಪ್ಪಿ 4:13ನ್ನು ಪರೀಕ್ಷೆಯ ದಿನ ಗೋಡೆಗೆ ಅಂಟಿಸುತ್ತಾರೆ. 11, 12ನೇ ವಚನಗಳಲ್ಲಿ ಪೌಲನು ಹೇಳುತ್ತಿರುವುದು ಸೆರೆಯಲ್ಲಿದ್ದುಕೊಂಡು ಹಸಿವಿನಲ್ಲೂ ತೃಪ್ತನಾಗಿರುವ ಮಾತನ್ನು. ಇಡೀ ಗ್ರಂಥ ಓದಿದವರಿಗೆ ಮಾತ್ರ ಆ ವಚನ ಪೂರ್ತಿ ಸಿಗುತ್ತದೆ, ಆಗ ಅದು ಇನ್ನೂ ಬಲವಾಗುತ್ತದೆ.

ಎರಡನ್ನೂ ಸೇರಿಸಬಹುದು. ಎರಡು ಪುಟಗುರುತು ಇಡಿ. ಹಳೆಯ ಒಡಂಬಡಿಕೆಯಲ್ಲಿ ಎರಡು ಅಧ್ಯಾಯ ನಡಿಗೆಯ ವೇಗದಲ್ಲಿ, ಹೊಸದರಲ್ಲಿ ಹತ್ತು ವಚನ ನಿಂತು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಗೆ ಮಾಡಿಕೊಟ್ಟ ಪಟ್ಟಿಯ ಜಾಣತನವೂ ಇದೇ. ದಿನಕ್ಕೆ ನಾಲ್ಕು ಅಧ್ಯಾಯ, ನಾಲ್ಕು ಬೇರೆ ಬೇರೆ ಜಾಗಗಳಿಂದ. ಜನವರಿ 1ಕ್ಕೆ ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು, ಎಲ್ಲದರ ಮೊದಲ ಅಧ್ಯಾಯ. ವರ್ಷಕ್ಕೆ ಹಳೆಯ ಒಡಂಬಡಿಕೆ ಒಮ್ಮೆ, ಹೊಸದು ಮತ್ತು ಕೀರ್ತನೆಗಳು ಎರಡು ಸಲ. ಒಂದು ಕಡೆ ಗುಡಾರದ ಅಳತೆ ಇದ್ದರೂ ಇನ್ನೊಂದು ಕಡೆ ಕಥೆ ಓಡುತ್ತಿರುತ್ತದೆ. ಹೊಸಬರಿಗೆ ನಾಲ್ಕು ಎಳೆ ಜಾಸ್ತಿಯೇ. ಎರಡು ಎಳೆಯಂತೆ ಎರಡು ವರ್ಷಕ್ಕೆ ಹರಡಿಕೊಳ್ಳಿ.

ಕರಾವಳಿಯ ಗಂಟೆ

ಕಥೋಲಿಕರಿಗೆ ಪಟ್ಟಿ ಹೊಸದಾಗಿ ಮಾಡುವ ಕೆಲಸವಿಲ್ಲ, ಧರ್ಮಸಭೆಯೇ ಮಾಡಿಟ್ಟಿದೆ. ದಿನದ ಬಲಿಪೂಜೆಯ ವಾಚನಗಳು: ಒಂದು ಮೊದಲ ವಾಚನ, ಒಂದು ಕೀರ್ತನೆ, ಒಂದು ಶುಭಸಂದೇಶ. ಎಲ್ಲ ಸೇರಿ ಹತ್ತು ನಿಮಿಷ ಮೀರುವುದು ಅಪರೂಪ. ಭಾನುವಾರದ್ದು ಮೂರು ವರ್ಷದ ಚಕ್ರ, ಒಂದು ವರ್ಷ ಮತ್ತಾಯ, ಒಂದು ಮಾರ್ಕ, ಒಂದು ಲೂಕ. ವಾರದ ದಿನಗಳಲ್ಲಿ ಸಾಮಾನ್ಯ ಕಾಲದ (ದೊಡ್ಡ ಹಬ್ಬಗಳ ಕಾಲ ಬಿಟ್ಟು ಉಳಿದ ವಾರಗಳ) ಮೊದಲ ವಾಚನ ಬೆಸ ವರ್ಷಕ್ಕೊಂದು, ಸಮ ವರ್ಷಕ್ಕೊಂದು. ಶುಭಸಂದೇಶ ಪ್ರತಿ ವರ್ಷ ಅದೇ: 1ರಿಂದ 9ನೇ ವಾರ ಮಾರ್ಕ, 10ರಿಂದ 21 ಮತ್ತಾಯ, 22ರಿಂದ 34 ಲೂಕ. ಯೋಹಾನ ಹೆಚ್ಚಾಗಿ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಕೊನೆಗೆ ಮತ್ತು ಈಸ್ಟರಿನಿಂದ ಶುರುವಾಗುವ ಪಾಸ್ಕ ಕಾಲದಲ್ಲಿ. ದೊಡ್ಡ ಲಾಭವೆಂದರೆ ಒಂದು ದಿನ ತಪ್ಪಿದರೂ ಸಾಲ ಉಳಿಯುವುದಿಲ್ಲ. ಮರುದಿನ ಲೋಕದ ಬಹುಪಾಲು ಕಥೋಲಿಕ ದೇವಾಲಯಗಳಲ್ಲಿ ಓದುವುದನ್ನೇ ನೀವೂ ಓದುತ್ತೀರಿ. ಕೊರತೆಯೆಂದರೆ ಹಳೆಯ ಒಡಂಬಡಿಕೆಯಿಂದ ಬರುವುದು ಆಯ್ದ ತುಣುಕುಗಳು. ವಾಚನದ ಭಾಗ ರೂತಳು ಅಥವಾ ಯೋನ ಆಗಿದ್ದ ವಾರ ಆ ಗ್ರಂಥವನ್ನು ಪೂರ್ತಿ ಓದಿಬಿಡಿ, ಎರಡೂ ನಾಲ್ಕು ನಾಲ್ಕೇ ಅಧ್ಯಾಯ.

ಪೂರ್ತಿ ಬೈಬಲ್ ಓದುವ ಕಥೋಲಿಕರು ಮೇಲಿನ ಲೆಕ್ಕವನ್ನು ತಿದ್ದಿಕೊಳ್ಳಬೇಕು. ನಮ್ಮಲ್ಲಿ 73 ಗ್ರಂಥ. ತೋಬಿತ, ಯೂದಿತ, ಎರಡು ಮಕ್ಕಬಿ, ಜ್ಞಾನಗ್ರಂಥ, ಸಿರಾಖ, ಬಾರೂಕ ಸೇರಿ 137 ಅಧ್ಯಾಯ ಹೆಚ್ಚು. ಅದರಲ್ಲಿ ಸಿರಾಖ ಒಂದೇ 51. ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ಕನ್ನಡ ಲಿಪಿಯ ಕೊಂಕಣಿ ಬೈಬಲ್ ಇದ್ದರೆ ಅದರಲ್ಲೇ ಓದಿ. ಪ್ರಾರ್ಥನೆ ಬಾಯಿಗೆ ಬರುವ ಭಾಷೆಯಲ್ಲೇ ಓದೂ ಇದ್ದರೆ ಒಳಗಿಳಿಯುತ್ತದೆ.

ಹೊಸ ಓದುಗ

ಯಾಜಕಕಾಂಡಕ್ಕೆ ಮರಳೋಣ. ಬಿಟ್ಟು ಮುಂದೆ ಹೋಗಬಹುದೇ?

ಧಾರವಾಡದ ಓದು

ಬಿಡಬೇಡಿ, ಓದುವ ಕ್ರಮ ಬದಲಿಸಿ. 27 ಅಧ್ಯಾಯಗಳ ನಡುಗಂಬ 16ನೇ ಅಧ್ಯಾಯ, ವರ್ಷಕ್ಕೊಮ್ಮೆ ಮಹಾಯಾಜಕನು ಪರದೆಯ ಒಳಗೆ ಹೋಗುವ ದಿನ. ಮೊದಲು ಅದನ್ನೇ ಓದಿ, ಕೂಡಲೇ ಇಬ್ರಿಯ 9 ಮತ್ತು 10. ಆಮೇಲೆ 1ರಿಂದ 7. ಅಲ್ಲಿ ಐದು ಬಗೆಯ ಅರ್ಪಣೆಗಳಿವೆ: ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕ ಯಜ್ಞ, ಪ್ರಾಯಶ್ಚಿತ್ತ ಯಜ್ಞ. ಒಂದು ಹಾಳೆಯಲ್ಲಿ ಮೂರು ಕಂಬ ಎಳೆದು ಏನನ್ನು ತರಬೇಕು, ಯಾವ ಭಾಗ ಸುಡಬೇಕು, ಉಳಿದದ್ದನ್ನು ಯಾರು ತಿನ್ನುತ್ತಾರೆ ಎಂದು ತುಂಬಿ. ಸರ್ವಾಂಗಹೋಮದಲ್ಲಿ ಮಾಂಸವೆಲ್ಲ ಬೆಂಕಿಗೆ. ಸಮಾಧಾನಯಜ್ಞದಲ್ಲಿ ತಂದವನೂ ಊಟಕ್ಕೆ ಕೂರುತ್ತಾನೆ. ಈ ಒಂದು ವ್ಯತ್ಯಾಸ ಕಂಡ ಮೇಲೆ ಆ ಏಳು ಅಧ್ಯಾಯ ಒಣಗಿದಂತೆ ಅನ್ನಿಸುವುದಿಲ್ಲ. 8ರಿಂದ 10 ಕಥೆಯೇ. ಮಹಾಯಾಜಕ ಆರೋನನ ಮಕ್ಕಳಾದ ನಾದಾಬ, ಅಬೀಹು ಸಾಯುವುದು ಅಲ್ಲಿ. 13, 14 ಚರ್ಮರೋಗದ ನಿಯಮಗಳು. ಒಂದೇ ದಿನ ನಡಿಗೆ ಬಿರುಸಾಗಿಸಿ ದಾಟಿ. 12:8 ಮಾತ್ರ ತಪ್ಪಿಸಬೇಡಿ. ಹೆತ್ತ ತಾಯಿಗೆ ಕುರಿ ಕೊಡುವ ಶಕ್ತಿ ಇಲ್ಲದಿದ್ದರೆ ಎರಡು ಹಕ್ಕಿ ಸಾಕು ಎನ್ನುತ್ತದೆ ಆ ವಚನ. ಈಗ ಲೂಕ 2:24 ತೆರೆಯಿರಿ. ಮರಿಯಳು ದೇವಾಲಯಕ್ಕೆ ತಂದ ಕಾಣಿಕೆ ಯಾವುದೆಂದು ನೋಡಿದರೆ ಆ ಮನೆಯ ಬಡತನ ಒಂದು ಸಾಲಿನಲ್ಲಿ ಕಣ್ಣೆದುರು ನಿಲ್ಲುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಇರುವುದೂ ಇಲ್ಲೇ, 19:18ರಲ್ಲಿ.

ಅರಣ್ಯಕಾಂಡ 7ರ 89 ವಚನಗಳಲ್ಲಿ ಹನ್ನೆರಡು ಕುಲಾಧಿಪತಿಗಳು ಹನ್ನೆರಡು ದಿನ ಅದೇ ಕಾಣಿಕೆ ತರುತ್ತಾರೆ, ಪಟ್ಟಿ ಹನ್ನೆರಡು ಸಲ ಪುನರಾವರ್ತನೆ. 12ರಿಂದ 17ರವರೆಗೆ ನಿಧಾನವಾಗಿ ಓದಿ, ಉಳಿದದ್ದರಲ್ಲಿ ಹೆಸರುಗಳ ಮೇಲೆ ಬೆರಳಾಡಿಸಿ. ಯಾವ ಕುಲವೂ ಬಿಟ್ಟುಹೋಗಿಲ್ಲ ಎಂಬುದೇ ಅಲ್ಲಿನ ಮಾತು.

ಪ್ರವಾದಿಗಳಲ್ಲಿ ಸಿಕ್ಕಿಕೊಳ್ಳುವುದಕ್ಕೆ ಕಾರಣ ಬೇರೆ: ಯಾರು ಯಾವ ಕಾಲದಲ್ಲಿ, ಯಾರಿಗೆ ಮಾತಾಡುತ್ತಿದ್ದಾರೆ ಎಂಬುದು ತಿಳಿಯದೆ ಹೋಗುವುದು. ಮೂರು ಇಸವಿ ಹಿಂಬದಿಯ ಖಾಲಿ ಹಾಳೆಯಲ್ಲಿ ಬರೆದಿಡಿ. ಕ್ರಿ.ಪೂ. 722 ಸಮಾರ್ಯದ ಪತನ, 586 ಯೆರೂಸಲೇಮಿನ ಪತನ, 520ರ ಹೊತ್ತಿಗೆ ದೇವಾಲಯ ಮತ್ತೆ ಕಟ್ಟುವ ಕೆಲಸ. ಆಮೋಸ, ಹೋಶೇಯ ಮೊದಲನೆಯದಕ್ಕೆ ಮುಂಚೆ. ಯೆರೆಮೀಯ ಎರಡನೆಯದನ್ನು ಕಣ್ಣಾರೆ ಕಂಡವನು. ಹಗ್ಗಾಯ, ಜೆಕರ್ಯ ಮೂರನೆಯದರಲ್ಲಿ. ಜೋಡಿಸಿ ಓದುವುದು ಇನ್ನೂ ಒಳ್ಳೆಯದು: 2 ಅರಸುಗಳು 18ರಿಂದ 20 ಓದುವಾಗ ಯೆಶಾಯ 36ರಿಂದ 39, 2 ಅರಸುಗಳು 25ಕ್ಕೆ ಯೆರೆಮೀಯ 52, ಎಜ್ರ 5ಕ್ಕೆ ಹಗ್ಗಾಯ. 2 ಸಮುವೇಲ 12 ಮುಗಿದ ಕೂಡಲೇ ಕೀರ್ತನೆ 51. ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲರ ಕೃತ್ಯಗಳು 16ರ ಬೆನ್ನಿಗೆ ಫಿಲಿಪ್ಪಿ, 17ರ ಬೆನ್ನಿಗೆ 1 ಥೆಸಲೊನೀಕ, 18ಕ್ಕೆ 1 ಕೊರಿಂಥ, 19ಕ್ಕೆ ಎಫೆಸ. ಊರನ್ನು ನೋಡಿದ ಮೇಲೆ ಆ ಊರಿಗೆ ಬಂದ ಕಾಗದ ಓದಿದಂತಾಗುತ್ತದೆ.

ಮೊದಲು ಮಾರ್ಕ

ಬರೆದಿಡುವ ಬಗ್ಗೆ ಚಿಕ್ಕದಾಗಿ. ಮೂರು ಸಾಲು ಸಾಕು: ಏನು ನಡೆಯಿತು, ಏನು ಅರ್ಥವಾಗಲಿಲ್ಲ, ಒಂದು ವಾಕ್ಯದ ಪ್ರಾರ್ಥನೆ. ಮೊದಲ ವಾರ ಪುಟಗಟ್ಟಲೆ ಬರೆಯುವವರು ಎರಡನೇ ವಾರ ಬರೆಯಲು ಹೊತ್ತಿಲ್ಲವೆಂದು ಓದನ್ನೂ ಬಿಡುತ್ತಾರೆ. ಅರ್ಥವಾಗದ ಕಡೆ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ಶನಿವಾರ ಅರ್ಧ ಗಂಟೆ ಆ ಚಿಹ್ನೆಗಳಿಗೆ. ಓದಿನ ನಡುವೆಯೇ ಮೊಬೈಲಿನಲ್ಲಿ ಉತ್ತರ ಹುಡುಕಿದರೆ ಆ ದಿನದ ಓದು ಅಲ್ಲಿಗೆ ಮುಗಿಯಿತು. ಮೊಬೈಲಿನಲ್ಲೇ ಓದುವವರು ಅನುವಾದವನ್ನು ಮೊದಲೇ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ ಕೂರಬೇಕು.

ಕಣ್ಣು ಮಂದವಾದವರಿಗೆ, ಅಕ್ಷರ ಬಾರದ ಹಿರಿಯರಿಗೆ ಕನ್ನಡ ಆಡಿಯೊ ಇದೆ. ಕೇಳುವುದೂ ಓದೇ. ಅಡುಗೆಯ ಜೊತೆ ಅಲ್ಲ, ಕೂತು ಕೇಳಲಿ, ಒಮ್ಮೆಗೆ ಒಂದೇ ಅಧ್ಯಾಯ. ಕುಟುಂಬ ಪ್ರಾರ್ಥನೆಯಲ್ಲಿ ಓದುವ ಕೀರ್ತನೆಯನ್ನು ಮಾತ್ರ ಸ್ವಂತ ಓದಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ಮನೆಯವರೆಲ್ಲರದು, ಅದರ ಹೊತ್ತು ನಿಮ್ಮ ಕೈಯಲ್ಲಿಲ್ಲ.

ಲೆಕ್ಕದ ಓದು

ಕೀರ್ತನೆಗಳಿಗೆ ಒಂದು ಸುಲಭ ಲೆಕ್ಕ. ತಿಂಗಳ ದಿನಾಂಕಕ್ಕೆ 30 ಕೂಡುತ್ತ ಹೋದರೆ ದಿನಕ್ಕೆ ಐದು: 7ನೇ ತಾರೀಖು 7, 37, 67, 97, 127. ಮೂವತ್ತು ದಿನಕ್ಕೆ 150ಕ್ಕೆ 150. 29ರಂದು 119 ಬೀಳುತ್ತದೆ. ಅದನ್ನು ತೆಗೆದು 31ನೇ ತಾರೀಖಿಗೆ ಇಡಿ. ಐದೂ ಓದಬೇಕೆಂದಿಲ್ಲ, ಐದರಲ್ಲಿ ಆ ದಿನಕ್ಕೆ ಒದಗಿದ ಒಂದನ್ನು ಹಿಡಿದರೂ ಆಯಿತು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ, ತಾರೀಖಿಗೊಂದು. ಎರಡಕ್ಕೂ ಪುಟಗುರುತೇ ಬೇಡ, ಕ್ಯಾಲೆಂಡರ್ ನೋಡಿದರೆ ಸಾಕು.

ರಾತ್ರಿ ಪಾಳಿ

ಪಾಳಿ ಕೆಲಸದವರ ಪಾಡೇನು? ವಾರಕ್ಕೊಮ್ಮೆ ಹಗಲು ರಾತ್ರಿ ಅದಲು ಬದಲಾದರೆ "ಬೆಳಿಗ್ಗೆ" ಎನ್ನುವುದಕ್ಕೆ ಅರ್ಥವೇ ಇರುವುದಿಲ್ಲ. ಕೊಲ್ಲಿ ದೇಶಗಳಲ್ಲಿರುವ ಹಲವರಿಗೆ ಭಾನುವಾರವೂ ಕೆಲಸ, ಅನೇಕ ಕಡೆ ಆರಾಧನೆ ಶುಕ್ರವಾರ.

ಮೌನದ ಮೂಲೆ

ದಿನವನ್ನು ಗಡಿಯಾರದಿಂದ ಎಣಿಸಬೇಡಿ, ನಿದ್ದೆಯಿಂದ ಎಣಿಸಿ. ಎದ್ದಾಗ ಸಂಜೆ ಆರಾಗಿದ್ದರೂ ಅದೇ ನಿಮ್ಮ ಬೆಳಗು. ಹಲ್ಲುಜ್ಜಿದ ಮೇಲಿನ ಕೊಕ್ಕೆ ಆಗಲೂ ನಡೆಯುತ್ತದೆ. ಪಾಳಿ ಬದಲಾಗುವ ದಿನ ನಿದ್ದೆಯೇ ಎರಡು ತುಂಡಾಗುತ್ತದೆ. ಆ ದಿನಕ್ಕೆ ಯಾತ್ರಾಗೀತೆ ಒಂದು, ಮೊದಲೇ ಗೊತ್ತುಮಾಡಿ ಇಟ್ಟಿರಿ. ಬಿಡುವಿನ ದಿನ ಭಾನುವಾರವೇ ಆಗಬೇಕಿಲ್ಲ, ಆರಾಧನೆ ಶುಕ್ರವಾರವಾದರೆ ಶುಕ್ರವಾರ. ಪಾಳಿ ಮುಗಿಸಿ ಬಂದು ಮಲಗುವ ಮುಂಚೆ ಓದುವುದಾದರೆ ಪತ್ರಗಳು ಬೇಡ, ಅವಕ್ಕೆ ತೆರೆದ ಕಣ್ಣು ಬೇಕು. ಸುವಾರ್ತೆಯ ಒಂದು ಪ್ರಸಂಗ ಓದಿ ದೀಪ ಆರಿಸಿ.

ಹೊಸ ಓದುಗ

ಗಟ್ಟಿ ಕಾಗದ ಕತ್ತರಿಸಿ 1ರಿಂದ 16 ಬರೆದಾಯಿತು. 14ರ ಪಕ್ಕದಲ್ಲಿ ಎರಡು ಗೀಟಿಗೆ ಜಾಗ ಬಿಟ್ಟಿದೆ. ಸಭೆಗೆ ಒಯ್ಯುವ ಪ್ರತಿ ಕವರಿನಲ್ಲೇ ಇರಲಿ, ಕುರ್ಚಿಯ ಪಕ್ಕಕ್ಕೆ ಸಿ.ಎಲ್. ಬರುತ್ತದೆ.